ಉಲ್ಲೇಖದ ಎಣಿಕೆ, ವಿದ್ವತ್ತಿನ ಅಳತೆ: ರಸಾಯನವಿಜ್ಞಾನಿಯ ಪ್ರಕಟಣೆಗಳನ್ನು ಅಳೆದ ಬಗೆಯ ಚಾರಿತ್ರಿಕ ಅವಲೋಕನ

ಹಿಂದಿನವರನ್ನು ನೆನೆದು ತನ್ನ ಮಾತನ್ನು ಮುಂದುವರಿಸುವುದು ಕನ್ನಡದ ವಿದ್ವತ್ ಪರಂಪರೆಗೆ ಹೊಸದಲ್ಲ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ವಿಮಲೋದಯ, ನಾಗಾರ್ಜುನ, ಜಯಬಂಧು, ದುರ್ವಿನೀತ ಮೊದಲಾದ ಗದ್ಯಕಾರರನ್ನು ಹೆಸರಿಸುತ್ತದೆ. ಇವರ ಕನ್ನಡ ಕೃತಿಗಳು ಇಂದು ದೊರೆಯುವುದಿಲ್ಲ. ಆದರೂ ಅವರು ಸಾಹಿತ್ಯ ಚರಿತ್ರೆಯಲ್ಲಿ ಉಳಿದಿದ್ದಾರೆ. ಉಳಿಸಿದ್ದು ಒಂದು ಉಲ್ಲೇಖ. ಚಂಪೂ ಕವಿಗಳ ಪೂರ್ವಕವಿಸ್ಮರಣೆಯಾಗಲಿ, ಕಥೆಯನ್ನು ಎತ್ತಿಕೊಳ್ಳುವ ಮುನ್ನ ಗುರುವನ್ನು ನೆನೆಯುವ ನೀಲಗಾರರ ಹಾಡಿಕೆಯಾಗಲಿ ಇದೇ ಋಣಸಂದಾಯದ ಭಿನ್ನ ರೂಪಗಳು. ಆದರೆ ಯಾವ ಕವಿಯನ್ನು ಎಷ್ಟು ಮಂದಿ ಸ್ಮರಿಸಿದರು ಎಂದು ಎಣಿಸಿ, ಆ ಸಂಖ್ಯೆಯಿಂದ ಕವಿಯ ಯೋಗ್ಯತೆಯನ್ನು ನಿರ್ಧರಿಸುವ ಪದ್ಧತಿ ಈ ಪರಂಪರೆಯಲ್ಲಿ ಇರಲಿಲ್ಲ.

ಋಣದ ಸ್ಮರಣೆಯು ಎಣಿಕೆಯ ವಸ್ತುವಾಗಿ ಮಾರ್ಪಟ್ಟದ್ದು ಇಪ್ಪತ್ತನೆಯ ಶತಮಾನದ ವಿದ್ಯಮಾನ. ಅದರ ಚರಿತ್ರೆಯಲ್ಲಿ ರಸಾಯನವಿಜ್ಞಾನಕ್ಕೆ ವಿಶೇಷ ಸ್ಥಾನವಿದೆ. ಈ ಎಣಿಕೆಯು ಹುಟ್ಟಿದ ಬಗೆ, ಅದು ವಿಜ್ಞಾನಿಯ ಅಳತೆಗೋಲಾದ ಕ್ರಮ, ಹಾಗೂ ಆ ಅಳತೆಗೆ ಸಿಗುವ ಮತ್ತು ಸಿಗದ ಅಂಶಗಳನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

1. ಗ್ರಂಥಾಲಯದ ಅಗತ್ಯದಿಂದ ಹುಟ್ಟಿದ ಎಣಿಕೆ

ಇತರ ವಿಜ್ಞಾನಗಳಿಗಿಂತ ಮುಂಚಿತವಾಗಿಯೇ ರಸಾಯನವಿಜ್ಞಾನವು ತನ್ನ ಬರವಣಿಗೆಯ ಲೆಕ್ಕವನ್ನು ಇಡತೊಡಗಿತು. ಪ್ರತಿಯೊಂದು ಸಂಯುಕ್ತಕ್ಕೂ ಹೆಸರು, ಸೂತ್ರ, ತಯಾರಿಕೆಯ ವಿಧಾನ ಇರುವ ಈ ಶಾಸ್ತ್ರದಲ್ಲಿ ಹಿಂದಿನವರು ಮಾಡಿದ್ದನ್ನು ಅರಿಯದೆ ಮುಂದಿನ ಹೆಜ್ಜೆ ಇಡುವುದು ಕಷ್ಟ. ಜರ್ಮನಿಯಲ್ಲಿ 1830ರಲ್ಲಿ ಆರಂಭವಾದ ಸಾರಸಂಗ್ರಹ ಪತ್ರಿಕೆ, 1880ರ ದಶಕದ ಆರಂಭದಲ್ಲಿ ಬೈಲ್‌ಸ್ಟೈನ್ ಹೊರತಂದ ಸಾವಯವ ಸಂಯುಕ್ತಗಳ ಕೈಪಿಡಿ, 1907ರಲ್ಲಿ ಅಮೆರಿಕನ್ ಕೆಮಿಕಲ್ ಸೊಸೈಟಿ ಆರಂಭಿಸಿದ ಕೆಮಿಕಲ್ ಅಬ್‌ಸ್ಟ್ರಾಕ್ಟ್ಸ್ ಇವೆಲ್ಲ ಈ ಅಗತ್ಯದ ಫಲಗಳು.

ಈ ಹಿನ್ನೆಲೆಯಲ್ಲಿಯೇ ಉಲ್ಲೇಖಗಳ ಮೊದಲ ಪ್ರಸಿದ್ಧ ಎಣಿಕೆಯೂ ನಡೆಯಿತು. ಅಮೆರಿಕದ ಪೊಮೋನಾ ಕಾಲೇಜಿನ ಗ್ರಾಸ್ ಮತ್ತು ಗ್ರಾಸ್ ಎಂಬಿಬ್ಬರು 1927ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಒಂದು ಲೇಖನವನ್ನು ಪ್ರಕಟಿಸಿದರು. ಸಣ್ಣ ಕಾಲೇಜೊಂದರ ಗ್ರಂಥಾಲಯವು ಇರುವ ಹಣದಲ್ಲಿ ರಸಾಯನವಿಜ್ಞಾನದ ಯಾವ ಪತ್ರಿಕೆಗಳನ್ನು ತರಿಸಬೇಕು ಎಂಬುದು ಅವರ ಪ್ರಶ್ನೆ. ಉತ್ತರಕ್ಕಾಗಿ ಅವರು ಅಮೆರಿಕನ್ ಕೆಮಿಕಲ್ ಸೊಸೈಟಿಯ ಪತ್ರಿಕೆಯ 1926ರ ಸಂಪುಟವನ್ನು ಆರಿಸಿಕೊಂಡು, ಅದರ ಅಡಿಟಿಪ್ಪಣಿಗಳಲ್ಲಿ ಯಾವ ಯಾವ ಪತ್ರಿಕೆಗಳ ಹೆಸರು ಎಷ್ಟು ಬಾರಿ ಬಂದಿದೆ ಎಂದು ಲೆಕ್ಕ ಹಾಕಿದರು. ಜರ್ಮನ್ ಪತ್ರಿಕೆಗಳ ಪ್ರಾಬಲ್ಯವು ಈ ಎಣಿಕೆಯಿಂದ ಸ್ಪಷ್ಟವಾಯಿತು. ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, ಆ ಎಣಿಕೆ ಯಾವ ವಿಜ್ಞಾನಿಯನ್ನೂ ತೂಗಲಿಲ್ಲ. ಅದು ಪುಸ್ತಕ ಕೊಳ್ಳುವವರ ಲೆಕ್ಕವಾಗಿತ್ತು.

ಈ ಲೆಕ್ಕಕ್ಕೆ ಶಾಸ್ತ್ರದ ಹೆಸರು ಕೊಡುವ ಯತ್ನದಲ್ಲಿ ಭಾರತದ ಪಾಲೂ ಇದೆ. ಗ್ರಂಥಾಲಯ ವಿಜ್ಞಾನಿ ಎಸ್.ಆರ್. ರಂಗನಾಥನ್ ಮೂಲತಃ ಗಣಿತದ ಅಧ್ಯಾಪಕರು. ಗ್ರಂಥಾಲಯದ ಕಾರ್ಯಗಳಿಗೆ ಸಂಖ್ಯಾಶಾಸ್ತ್ರವನ್ನು ಅನ್ವಯಿಸುವ ‘ಲೈಬ್ರಮೆಟ್ರಿ’ ಎಂಬ ಕಲ್ಪನೆಯನ್ನು ಅವರು 1948ರಲ್ಲಿ ಇಂಗ್ಲೆಂಡಿನ ಸಮ್ಮೇಳನವೊಂದರಲ್ಲಿ ಮುಂದಿಟ್ಟರು. ‘ಬಿಬ್ಲಿಯೊಮೆಟ್ರಿಕ್ಸ್’ ಎಂಬ ಪದವನ್ನು ಅಲನ್ ಪ್ರಿಚರ್ಡ್ ಬಳಕೆಗೆ ತಂದದ್ದು 1969ರಲ್ಲಿ. ರಂಗನಾಥನ್ ತಮ್ಮ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದು, 1962ರಲ್ಲಿ ಅಲ್ಲಿ ದಾಖಲೀಕರಣ ಸಂಶೋಧನೆ ಮತ್ತು ತರಬೇತಿ ಕೇಂದ್ರದ ಸ್ಥಾಪನೆಗೆ ಕಾರಣರಾದುದು ಕರ್ನಾಟಕದ ಮಟ್ಟಿಗೆ ಸ್ಮರಣೀಯ.

2. ಗಾರ್ಫೀಲ್ಡ್ ಮತ್ತು ಉಲ್ಲೇಖ ಸೂಚಿ

ಉಲ್ಲೇಖದ ಎಣಿಕೆಯನ್ನು ವ್ಯವಸ್ಥೆಯಾಗಿ ಕಟ್ಟಿದ ಯೂಜೀನ್ ಗಾರ್ಫೀಲ್ಡ್ (1925–2017) ರಸಾಯನವಿಜ್ಞಾನದ ಪದವೀಧರರು. ವೈದ್ಯಕೀಯ ಸಾಹಿತ್ಯದ ಸೂಚೀಕರಣ ಯೋಜನೆಯೊಂದರಲ್ಲಿ ಕೆಲಸ ಮಾಡುತ್ತಿದ್ದಾಗ ಅವರಿಗೆ ಅಮೆರಿಕದ ವಕೀಲರು ಬಳಸುತ್ತಿದ್ದ ಶೆಪರ್ಡ್ಸ್ ಸೈಟೇಷನ್ಸ್ ಎಂಬ ಸೂಚಿಯ ಪರಿಚಯವಾಯಿತು. 1873ರಿಂದ ಬಳಕೆಯಲ್ಲಿದ್ದ ಆ ಸೂಚಿಯು ಒಂದು ತೀರ್ಪನ್ನು ನಂತರದ ಯಾವ ಯಾವ ತೀರ್ಪುಗಳು ಎತ್ತಿಹಿಡಿದವು, ಯಾವುವು ತಳ್ಳಿಹಾಕಿದವು ಎಂಬುದನ್ನು ತೋರಿಸುತ್ತಿತ್ತು. ಇದೇ ಕ್ರಮವನ್ನು ವಿಜ್ಞಾನ ಪ್ರಬಂಧಗಳಿಗೂ ಅನ್ವಯಿಸಬಹುದೆಂದು ಗಾರ್ಫೀಲ್ಡ್ 1955ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಸೂಚಿಸಿದರು. ಅವರ ಸಂಸ್ಥೆಯು 1960ರ ದಶಕದ ಮೊದಲ ವರ್ಷಗಳಲ್ಲಿ ಸೈನ್ಸ್ ಸೈಟೇಷನ್ ಇಂಡೆಕ್ಸನ್ನು ಹೊರತಂದಿತು.

ವಕೀಲರ ಸೂಚಿಗೂ ವಿಜ್ಞಾನದ ಸೂಚಿಗೂ ನಡುವೆ ಒಂದು ಮಹತ್ವದ ವ್ಯತ್ಯಾಸ ಉಳಿಯಿತು. ಮೊದಲನೆಯದು ಒಪ್ಪಿಗೆಯನ್ನೂ ನಿರಾಕರಣೆಯನ್ನೂ ಬೇರೆ ಬೇರೆಯಾಗಿ ಗುರುತಿಸುತ್ತಿತ್ತು. ಎರಡನೆಯದರಲ್ಲಿ ಹೊಗಳಿಕೆ, ಖಂಡನೆ, ವಾಡಿಕೆಯ ನಮಸ್ಕಾರ ಎಲ್ಲವೂ ಒಂದೇ ಅಂಕೆಯಾದವು. 1989ರಲ್ಲಿ ಫ್ಲೈಶ್‌ಮನ್ ಮತ್ತು ಪಾನ್ಸ್ ಎಂಬ ವಿದ್ಯುದ್ರಸಾಯನ ವಿಜ್ಞಾನಿಗಳು ‘ಶೀತ ಸಮ್ಮಿಲನ’ವನ್ನು ಸಾಧಿಸಿದ್ದಾಗಿ ಪ್ರಕಟಿಸಿದ ಪ್ರಬಂಧ ಇದಕ್ಕೆ ನಿದರ್ಶನ. ಅದನ್ನು ಉಲ್ಲೇಖಿಸಿದವರಲ್ಲಿ ಅದರ ಫಲಿತಾಂಶ ತಮಗೆ ದೊರೆಯಲಿಲ್ಲವೆಂದು ಬರೆದವರೂ ಇದ್ದಾರೆ. ಎಣಿಕೆಯ ಪುಸ್ತಕದಲ್ಲಿ ಅವೂ ಜಮೆಯ ಕಡೆಗೇ ಸೇರುತ್ತವೆ.

3. ಹೆಚ್ಚು ಉಲ್ಲೇಖ, ಹೆಚ್ಚು ಮಹತ್ವ?

ಒಟ್ಟು ಉಲ್ಲೇಖಗಳ ಸಂಖ್ಯೆ ಏನನ್ನು ಸೂಚಿಸುತ್ತದೆ ಎಂಬುದಕ್ಕೆ ಅತ್ಯುತ್ತಮ ಉದಾಹರಣೆ ಆಲಿವರ್ ಲೌರಿ ಮತ್ತು ಸಂಗಡಿಗರು 1951ರಲ್ಲಿ ಜೀವರಸಾಯನ ಪತ್ರಿಕೆಯೊಂದರಲ್ಲಿ ಪ್ರಕಟಿಸಿದ ಪ್ರಬಂಧ. ದ್ರಾವಣದಲ್ಲಿರುವ ಪ್ರೋಟೀನಿನ ಪ್ರಮಾಣವನ್ನು ಅಳೆಯುವ ವಿಧಾನವನ್ನು ಅದು ವಿವರಿಸುತ್ತದೆ. ‘ನೇಚರ್’ ಪತ್ರಿಕೆಯು 2014ರಲ್ಲಿ ಸಿದ್ಧಪಡಿಸಿದ ಅತಿ ಹೆಚ್ಚು ಉಲ್ಲೇಖಿತವಾದ ನೂರು ಪ್ರಬಂಧಗಳ ಪಟ್ಟಿಯಲ್ಲಿ ಇದಕ್ಕೇ ಮೊದಲ ಸ್ಥಾನ. ಆ ವೇಳೆಗೆ ಅದು 3,05,000ಕ್ಕೂ ಹೆಚ್ಚು ಬಾರಿ ಉಲ್ಲೇಖಗೊಂಡಿತ್ತು. ಡಿಎನ್‌ಎಯ ಜೋಡಿ ಸುರುಳಿಯನ್ನು ವಿವರಿಸಿದ 1953ರ ಪ್ರಬಂಧವಾಗಲಿ, 1986ರಲ್ಲಿ ಉನ್ನತ ತಾಪದ ಅತಿವಾಹಕತೆಯನ್ನು ಪ್ರಕಟಪಡಿಸಿದ ಪ್ರಬಂಧವಾಗಲಿ ಆ ನೂರರೊಳಗೆ ಬರಲಿಲ್ಲ. ಇದರಿಂದ ಲೌರಿಯವರ ಕೆಲಸ ಕಿರಿದೆಂದಾಗುವುದಿಲ್ಲ. ಅಸಂಖ್ಯ ಪ್ರಯೋಗಶಾಲೆಗಳಿಗೆ ಅದು ದಿನಬಳಕೆಯ ಉಪಕರಣವಾಯಿತು. ಉಲ್ಲೇಖದ ಎಣಿಕೆ ಅಳೆಯುವುದು ಬಳಕೆಯನ್ನು. ಬಳಕೆಯೂ ಮಹತ್ವವೂ ಎಲ್ಲ ಸಂದರ್ಭಗಳಲ್ಲಿ ಒಂದೇ ಆಗಿರುವುದಿಲ್ಲ ಎಂಬುದಷ್ಟೇ ಇಲ್ಲಿ ಸಿದ್ಧವಾಗುವ ಮಾತು.

ಇದಕ್ಕೆ ವಿರುದ್ಧವಾದ ಇನ್ನೊಂದು ಪ್ರಕ್ರಿಯೆಯೂ ಇದೆ. ಒಂದು ವಿಚಾರವು ಎಲ್ಲರ ಅರಿವಿನಲ್ಲಿ ಸಂಪೂರ್ಣ ಬೆರೆತಾಗ ಅದರ ಕರ್ತೃವನ್ನು ಹೆಸರಿಸುವ ಅಗತ್ಯವೇ ಇಲ್ಲವಾಗುತ್ತದೆ ಎಂಬುದನ್ನು ಸಮಾಜಶಾಸ್ತ್ರಜ್ಞ ರಾಬರ್ಟ್ ಮರ್ಟನ್ ಗುರುತಿಸಿದ್ದಾರೆ. ಧಾತುಗಳ ಆವರ್ತಕೋಷ್ಟಕವನ್ನು ಬಳಸುವ ರಸಾಯನವಿಜ್ಞಾನಿ ಮೆಂಡಲೀವ್ 1869ರಲ್ಲಿ ಪ್ರಕಟಿಸಿದ ಬರಹವನ್ನು ಅಡಿಟಿಪ್ಪಣಿಯಲ್ಲಿ ಕೊಡುವುದಿಲ್ಲ. ಜಾನಪದದ ಪರಿಭಾಷೆಯಲ್ಲಿ ಹೇಳುವುದಾದರೆ, ಅದು ಗಾದೆಯಾಗಿದೆ. ವಚನಕ್ಕೆ, ಕೀರ್ತನೆಗೆ ಅಂಕಿತವುಂಟು, ಗಾದೆಗೆ ಅಂಕಿತವಿಲ್ಲ. ಗಾದೆಯನ್ನು ಮೊದಲು ಆಡಿದವನೊಬ್ಬ ಇದ್ದಿರಲೇಬೇಕು. ಆದರೆ ಅವನ ಮಾತಿನ ಗೆಲುವೇ ಅವನ ಹೆಸರನ್ನು ಅಳಿಸಿದೆ. ಉಲ್ಲೇಖದ ಎಣಿಕೆಯು ಈ ಪರಮ ಯಶಸ್ಸನ್ನು ಸೊನ್ನೆಯೆಂದು ಓದುತ್ತದೆ.

4. ಎಚ್-ಸೂಚ್ಯಂಕ

ವಿಜ್ಞಾನಿಯೊಬ್ಬನ ಒಟ್ಟು ಸಾಧನೆಯನ್ನು ಒಂದೇ ಅಂಕೆಯಲ್ಲಿ ಹೇಳುವ ಮಾರ್ಗವನ್ನು ಭೌತವಿಜ್ಞಾನಿ ಹಾರ್ಹೆ ಹಿರ್ಶ್ 2005ರಲ್ಲಿ ಸೂಚಿಸಿದರು. ಇದೇ ಎಚ್-ಸೂಚ್ಯಂಕ. ಒಬ್ಬರ ಪ್ರಬಂಧಗಳನ್ನು ಉಲ್ಲೇಖಗಳ ಇಳಿಕೆಯ ಕ್ರಮದಲ್ಲಿ ಜೋಡಿಸಿದಾಗ ಎಷ್ಟು ಪ್ರಬಂಧಗಳಿಗೆ ಕನಿಷ್ಠ ಅಷ್ಟೇ ಉಲ್ಲೇಖಗಳು ದೊರೆತಿವೆಯೋ ಆ ಸಂಖ್ಯೆಯೇ ಅದು. ಏಳು ಪ್ರಬಂಧಗಳಿಗೆ ಅನುಕ್ರಮವಾಗಿ 50, 20, 9, 6, 5, 3, 1 ಉಲ್ಲೇಖಗಳು ಬಂದಿವೆ ಎಂದು ಭಾವಿಸಿದರೆ, ಐದನೆಯದಕ್ಕೆ ಐದು ಇವೆ, ಆರನೆಯದಕ್ಕೆ ಮೂರೇ ಇವೆ. ಆದ್ದರಿಂದ ಸೂಚ್ಯಂಕ 5. ಇನ್ನೊಬ್ಬರ ಐದು ಪ್ರಬಂಧಗಳಿಗೆ 900, 4, 3, 2, 1 ಉಲ್ಲೇಖಗಳಿವೆ ಎಂದುಕೊಂಡರೆ ಅವರ ಸೂಚ್ಯಂಕ 3. ಒಂದೇ ಪ್ರಬಂಧದಿಂದ ಶಾಸ್ತ್ರದ ದಿಕ್ಕನ್ನು ತಿರುಗಿಸಿದವರು ಈ ಅಳತೆಯಲ್ಲಿ ಹಿಂದುಳಿಯುತ್ತಾರೆ. ಸತತವಾಗಿ ಮಧ್ಯಮ ಗಾತ್ರದ ಫಸಲು ತೆಗೆದವರು ಮುಂದೆ ಬರುತ್ತಾರೆ.

ಈ ಸೂಚ್ಯಂಕ ಬಹುಬೇಗ ಜನಪ್ರಿಯವಾಯಿತು. ಉಲ್ಲೇಖಗಳ ದತ್ತಸಂಗ್ರಹಗಳು ಅಂತರ್ಜಾಲದಲ್ಲಿ ದೊರೆಯತೊಡಗಿದ್ದು ಅದಕ್ಕೆ ಮುಖ್ಯ ಕಾರಣ. ಸ್ಕೋಪಸ್ ಮತ್ತು ಗೂಗಲ್ ಸ್ಕಾಲರ್ ಎರಡೂ 2004ರಲ್ಲಿ ಬಂದವು. ಹಾಗಿದ್ದರೂ ಒಂದೊಂದು ಸಂಗ್ರಹದ ವ್ಯಾಪ್ತಿ ಒಂದೊಂದು ಬಗೆಯದು; ಒಬ್ಬರೇ ವಿಜ್ಞಾನಿಯ ಸೂಚ್ಯಂಕವು ಮೂರು ಕಡೆ ಮೂರಾಗಿ ಕಾಣುವುದುಂಟು. ಸಹಲೇಖಕರ ಸಂಖ್ಯೆ, ಸ್ವಂತ ಉಲ್ಲೇಖಗಳು, ಶಾಖೆಯಿಂದ ಶಾಖೆಗೆ ಬದಲಾಗುವ ಉಲ್ಲೇಖದ ರೂಢಿ ಇವು ಯಾವುವೂ ಈ ಅಂಕೆಯಲ್ಲಿ ಕಾಣುವುದಿಲ್ಲ. ಅಲ್ಲದೆ ಸೂಚ್ಯಂಕವು ಏರಬಲ್ಲುದೇ ಹೊರತು ಇಳಿಯದು. ಹಾಗಾಗಿ ಹಿರಿಯರೊಂದಿಗೆ ಕಿರಿಯರನ್ನು ಹೋಲಿಸುವುದು ನ್ಯಾಯವಾಗದು.

5. ಸಿ.ಎನ್.ಆರ್. ರಾವ್ ಅವರ ನಿದರ್ಶನ

ಭಾರತದಲ್ಲಿ ಈ ಅಳತೆಗಳು ಸಾರ್ವಜನಿಕ ಚರ್ಚೆಗೆ ಬಂದದ್ದು ಮುಖ್ಯವಾಗಿ ಸಿ.ಎನ್.ಆರ್. ರಾವ್ ಅವರ ಹೆಸರಿನೊಂದಿಗೆ. 1934ರಲ್ಲಿ ಬೆಂಗಳೂರಿನಲ್ಲಿ ಜನಿಸಿದ ರಾವ್ ಅವರು ಮೈಸೂರು ವಿಶ್ವವಿದ್ಯಾನಿಲಯದ ಪದವಿ, ಬನಾರಸ್‌ನ ಸ್ನಾತಕೋತ್ತರ ಪದವಿ, ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾನಿಲಯದ ಡಾಕ್ಟರೇಟ್ (1958) ಪಡೆದು 1959ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯನ್ನು ಸೇರಿದರು. 1963ರಿಂದ ಕಾನ್ಪುರದ ಐಐಟಿಯಲ್ಲಿದ್ದು, 1976ರಲ್ಲಿ ಬೆಂಗಳೂರಿಗೆ ಮರಳಿ ಘನಸ್ಥಿತಿ ಮತ್ತು ರಚನಾತ್ಮಕ ರಸಾಯನವಿಜ್ಞಾನದ ಘಟಕವನ್ನು ಕಟ್ಟಿದರು. 1984ರಿಂದ 1994ರವರೆಗೆ ಸಂಸ್ಥೆಯ ನಿರ್ದೇಶಕರಾಗಿದ್ದರು. ಜಕ್ಕೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನ ಕೇಂದ್ರವು 1989ರಲ್ಲಿ ಅವರ ಮುಂದಾಳತ್ವದಲ್ಲಿ ಸ್ಥಾಪನೆಗೊಂಡಿತು. 2013ರಲ್ಲಿ ಅವರಿಗೆ ಭಾರತರತ್ನ ಘೋಷಣೆಯಾದಾಗ ಪತ್ರಿಕೆಗಳು ಎತ್ತಿ ಹೇಳಿದ ಸಂಗತಿಗಳು ಎರಡು: 1,400ಕ್ಕೂ ಹೆಚ್ಚು ಸಂಶೋಧನ ಪ್ರಬಂಧಗಳು ಮತ್ತು ಅದೇ ವರ್ಷ 100ನ್ನು ಮುಟ್ಟಿದ ಎಚ್-ಸೂಚ್ಯಂಕ.

ಈ ಎರಡು ಅಂಕೆಗಳನ್ನು ಒಟ್ಟಿಗೆ ಇಟ್ಟು ನೋಡುವುದು ಉಪಯುಕ್ತ. ಸೂಚ್ಯಂಕ 100 ಎಂದರೆ, ತಲಾ ನೂರು ಅಥವಾ ಅದಕ್ಕೂ ಹೆಚ್ಚು ಉಲ್ಲೇಖಗಳನ್ನು ಪಡೆದ ನೂರು ಪ್ರಬಂಧಗಳು. ಉಳಿದ ಸಾವಿರದ ಮುನ್ನೂರಕ್ಕೂ ಹೆಚ್ಚಿನ ಪ್ರಬಂಧಗಳು ಆ ಅಂಕೆಯನ್ನು ಏರಿಸುವುದೂ ಇಲ್ಲ, ಇಳಿಸುವುದೂ ಇಲ್ಲ. ಹಾಗೆಂದು ಅವು ವ್ಯರ್ಥವಲ್ಲ. ಲೋಹಗಳ ಆಕ್ಸೈಡುಗಳ ಕುರಿತು ರಾವ್ ಮತ್ತು ಅವರ ಸಹೋದ್ಯೋಗಿಗಳು ದಶಕಗಳ ಕಾಲ ನಡೆಸಿದ ಅಧ್ಯಯನವು 1986ಕ್ಕೆ ಮೊದಲೇ ತಾಮ್ರದ ಪದರ ಆಕ್ಸೈಡುಗಳನ್ನೂ ಒಳಗೊಂಡಿತ್ತು. ಅತಿವಾಹಕತೆಯ ಸುದ್ದಿ ಜಗತ್ತಿನಲ್ಲಿ ಹಬ್ಬಿದಾಗ ಬೆಂಗಳೂರಿನ ಪ್ರಯೋಗಶಾಲೆ ತಡವಿಲ್ಲದೆ ಆ ಕ್ಷೇತ್ರಕ್ಕೆ ಇಳಿಯಲು ಈ ಹಳೆಯ ಪೂರ್ವಸಿದ್ಧತೆ ನೆರವಾಯಿತು. ಯಾವುದೇ ಪ್ರಯೋಗಶಾಲೆಯ ಪ್ರಬಂಧಗಳ ರಾಶಿಯಲ್ಲಿ ವಿದ್ಯಾರ್ಥಿಗಳು ಕೈ ಪಳಗಿಸಿಕೊಂಡ ಕೆಲಸವೂ ಸೇರಿರುತ್ತದೆ. ಇನ್ನು ಘಟಕವೊಂದನ್ನು ಕಟ್ಟಿದ್ದು, ಸಂಸ್ಥೆಯೊಂದನ್ನು ನಡೆಸಿದ್ದು, ಶಾಲಾ ಮಕ್ಕಳಿಗಾಗಿ ರಸಾಯನವಿಜ್ಞಾನದ ಪುಸ್ತಕ ಬರೆದದ್ದು ಇವು ಯಾವ ಸೂಚ್ಯಂಕದ ಲೆಕ್ಕಕ್ಕೂ ಸೇರುವುದಿಲ್ಲ.

6. ಅಳತೆಯು ಗುರಿಯಾದಾಗ

ಅಳತೆಯು ವರದಿಯಾಗಿ ಉಳಿದಿರುವವರೆಗೆ ಅದರ ಮಿತಿಗಳು ಅಪಾಯಕಾರಿಯಲ್ಲ. ಅದು ನೇಮಕಾತಿ, ಬಡ್ತಿಗಳ ಷರತ್ತಾದಾಗ ಸ್ಥಿತಿ ಬದಲಾಗುತ್ತದೆ. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗದ 2010ರ ನಿಯಮಾವಳಿಯು ಅಧ್ಯಾಪಕರ ಪ್ರಕಟಣೆಗಳಿಗೆ ಅಂಕಗಳನ್ನು ನಿಗದಿಪಡಿಸಿತು. ಹಣ ಪಡೆದು ಏನನ್ನಾದರೂ ಅಚ್ಚು ಮಾಡುವ ಪತ್ರಿಕೆಗಳಿಗೆ ಇದು ಮಾರುಕಟ್ಟೆಯನ್ನು ಒದಗಿಸಿತು. ಆಯೋಗವು 2017ರಲ್ಲಿ ಮಾನ್ಯ ಪತ್ರಿಕೆಗಳ ಪಟ್ಟಿಯನ್ನು ಪ್ರಕಟಿಸಿ, 2018ರ ಮೇ ತಿಂಗಳಲ್ಲಿ ಅದರಿಂದ 4,305 ಪತ್ರಿಕೆಗಳನ್ನು ಕೈಬಿಡಬೇಕಾಯಿತು. ಅನಂತರ ಬಂದ ‘ಕೇರ್’ ಪಟ್ಟಿಯನ್ನೂ 2025ರಲ್ಲಿ ನಿಲ್ಲಿಸಲಾಯಿತು.

ಇದರ ಬಿಸಿ ವಿಜ್ಞಾನ ವಿಭಾಗಗಳಿಗಷ್ಟೇ ತಟ್ಟಲಿಲ್ಲ. ರಸಾಯನವಿಜ್ಞಾನಕ್ಕೆಂದು ರೂಪುಗೊಂಡ ಕೊಳಗದಲ್ಲಿಯೇ ಜಾನಪದ, ಶಾಸನ, ಭಾಷಾಧ್ಯಯನಗಳನ್ನೂ ಅಳೆಯುವ ಒತ್ತಡ ಉಂಟಾಯಿತು. 1916ರಲ್ಲಿ ಆರಂಭವಾದ ಕನ್ನಡ ಸಾಹಿತ್ಯ ಪರಿಷತ್ತಿನ ಪತ್ರಿಕೆ, 1919ರಲ್ಲಿ ಆರಂಭವಾದ ‘ಪ್ರಬುದ್ಧ ಕರ್ಣಾಟಕ’ ಇವುಗಳ ಪುಟಗಳಲ್ಲಿ ನಡೆದ ವಾದ–ಪ್ರತಿವಾದಗಳ ಅಡಿಟಿಪ್ಪಣಿಗಳು ಅಂತಾರಾಷ್ಟ್ರೀಯ ಎಣಿಕೆಯ ಹೊರಗೇ ಉಳಿದಿವೆ. ಒಂದು ಶಾಸನದ ಪಾಠವನ್ನು ತಿದ್ದಿದ, ಒಂದು ಮೌಖಿಕ ಕಾವ್ಯವನ್ನು ಹಾಡುಗಾರನ ಬಾಯಿಂದ ಬರೆದುಕೊಂಡ ವಿದ್ವಾಂಸನ ಸೂಚ್ಯಂಕ ಸೊನ್ನೆಯಾಗಿರುವುದು ಸಾಧ್ಯ. ಆ ಸೊನ್ನೆ ಹೇಳುವುದು ದತ್ತಸಂಗ್ರಹದ ವ್ಯಾಪ್ತಿಯನ್ನು, ವಿದ್ವಾಂಸನನ್ನಲ್ಲ. 2012ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ರೂಪುಗೊಂಡ ಘೋಷಣೆಯು ಪತ್ರಿಕೆಯ ಪ್ರಭಾವಾಂಕದಿಂದ ವ್ಯಕ್ತಿಯನ್ನು ಅಳೆಯಬಾರದೆಂದು ಹೇಳಿದೆ. 2015ರ ಲೈಡನ್ ಪ್ರಣಾಳಿಕೆಯ ಹತ್ತು ತತ್ತ್ವಗಳಲ್ಲಿ ಮೂರನೆಯದು ಸ್ಥಳೀಯ ಪ್ರಸ್ತುತತೆಯುಳ್ಳ ಉತ್ತಮ ಸಂಶೋಧನೆಯನ್ನು ಕಾಪಾಡಬೇಕೆನ್ನುತ್ತದೆ. ಕನ್ನಡದ ಸಂಶೋಧನೆಗೆ ಈ ತತ್ತ್ವ ನೇರವಾಗಿ ಅನ್ವಯಿಸುತ್ತದೆ.

ಸಮಾರೋಪ

ಪತ್ರಿಕೆ ಕೊಳ್ಳುವ ಗ್ರಂಥಪಾಲಕರ ಲೆಕ್ಕವಾಗಿ ಆರಂಭವಾದ ಉಲ್ಲೇಖದ ಎಣಿಕೆಯು ಪ್ರಬಂಧಗಳನ್ನು ಹುಡುಕುವ ಸಾಧನವಾಗಿ ಬೆಳೆದು, ಕೊನೆಗೆ ವ್ಯಕ್ತಿಯ ತಕ್ಕಡಿಯಾಯಿತು ಎಂಬುದು ಈ ಅವಲೋಕನದಿಂದ ತಿಳಿದುಬರುತ್ತದೆ. ಮೊದಲ ಎರಡು ಉಪಯೋಗಗಳಲ್ಲಿ ಅದರ ಯೋಗ್ಯತೆ ನಿರ್ವಿವಾದ. ಮೂರನೆಯದರಲ್ಲಿ ಅದು ಓದಿಗೆ ಸಹಾಯಕವಾಗಬಹುದೇ ಹೊರತು ಓದಿನ ಬದಲಿಯಾಗಲಾರದು.

ಕಣದಲ್ಲಿ ರಾಶಿಯನ್ನು ಅಳೆಯುವ ಒಕ್ಕಲಿಗರು ಮೊದಲ ಕೊಳಗವನ್ನು ‘ಒಂದು’ ಎನ್ನದೆ ‘ಲಾಭ’ ಎನ್ನುವ ವಾಡಿಕೆ ಕರ್ನಾಟಕದ ಹಲವೆಡೆ ಇದೆ. ಎಣಿಕೆ ಅಲ್ಲಿಯೂ ಕರಾರುವಾಕ್ಕಾಗಿಯೇ ನಡೆಯುತ್ತದೆ. ಆದರೆ ಬೆಳೆಯ ಬೆಲೆಯನ್ನು ನೆನೆದ ಮೇಲೆ ಸಂಖ್ಯೆಯ ಸರದಿ ಬರುತ್ತದೆ. ಸಂಶೋಧನೆಯ ಮೌಲ್ಯಮಾಪನದಲ್ಲಿಯೂ ಪ್ರಬಂಧವನ್ನು ಓದುವುದು ಮೊದಲು, ಎಣಿಸುವುದು ಅನಂತರ ಎಂಬ ಕ್ರಮವನ್ನು ಪಾಲಿಸುವುದು ಅವಶ್ಯ.