ಅಳಿದುಳಿದ ಕಡತಗಳ ಕಥೆ

2006ರ ಜುಲೈ. ಅಮೆರಿಕದ ಅಲಾಸ್ಕ ರಾಜ್ಯದ ಕಂದಾಯ ಇಲಾಖೆಯಲ್ಲಿ ತಂತ್ರಜ್ಞರೊಬ್ಬರು ಎಂದಿನ ನಿರ್ವಹಣೆಯ ಕೆಲಸದಲ್ಲಿದ್ದರು. ಡಿಸ್ಕೊಂದನ್ನು ಫಾರ್ಮ್ಯಾಟ್ ಮಾಡುವಾಗ ಕೈತಪ್ಪಿ, ತೈಲನಿಧಿಯ ಲಾಭಾಂಶಕ್ಕಾಗಿ ಜನರು ಸಲ್ಲಿಸಿದ್ದ ಅರ್ಜಿಗಳ ಮಾಹಿತಿ ಅಳಿಸಿಹೋಯಿತು. ಪ್ರತಿಯನ್ನು ಇಟ್ಟಿದ್ದ ಇನ್ನೊಂದು ಡಿಸ್ಕೂ ಫಾರ್ಮ್ಯಾಟ್ ಆಗಿಬಿಟ್ಟಿತ್ತು. ಉಳಿದಿದ್ದ ಕಾಂತೀಯ ಟೇಪುಗಳನ್ನು ಓದಲಾಗಲಿಲ್ಲ. ಹೋದವು ಸುಮಾರು 8 ಲಕ್ಷ ಸ್ಕ್ಯಾನ್ ಚಿತ್ರಗಳು. 3,800 ಕೋಟಿ ಡಾಲರುಗಳ ನಿಧಿಗೇನೂ ಆಗಿರಲಿಲ್ಲ. ಅದರ ಲಾಭಾಂಶವನ್ನು ಯಾರಿಗೆ ಕೊಡಬೇಕೆಂಬ ದಾಖಲೆ ಇರಲಿಲ್ಲ, ಅಷ್ಟೆ!

ತಜ್ಞರು ಬಂದು ಹಲವು ದಿನ ಹೆಣಗಿದರು. ಫಾರ್ಮ್ಯಾಟ್ ಆದ ಡಿಸ್ಕಿನಲ್ಲಿ ಹುಡುಕುವುದೇನನ್ನು ಎಂದು ನೀವು ಕೇಳಬಹುದು. ಉತ್ತರಕ್ಕಾಗಿ 1977ಕ್ಕೆ ಹೋಗಬೇಕು.

ಆ ವರ್ಷ ಮೈಕ್ರೋಸಾಫ್ಟ್‌ನ ಮಾರ್ಕ್ ಮೆಕ್‌ಡೊನಾಲ್ಡ್ ಫ್ಲಾಪಿಗಳಿಗಾಗಿ 'ಫ್ಯಾಟ್' ಎಂಬ ಪಟ್ಟಿಯನ್ನು ರೂಪಿಸಿದರು. ಡಿಸ್ಕಿನ ಜಾಗವನ್ನು ಸಮಾನ ತುಂಡುಗಳಾಗಿ ಎಣಿಸಿ, ಕಡತವೊಂದರ ಈ ತುಂಡಿನ ನಂತರದ ತುಂಡು ಯಾವುದು ಎಂದು ಅದರಲ್ಲಿ ಬರೆದಿಡಲಾಗುತ್ತದೆ. ಕಡತದ ಹೆಸರು, ಗಾತ್ರ, ಮೊದಲ ತುಂಡಿನ ಸಂಖ್ಯೆ ಇವು ಇನ್ನೊಂದು ಪಟ್ಟಿಯಲ್ಲಿರುತ್ತವೆ. ಹಳ್ಳಿಯ ಪಹಣಿ ಪುಸ್ತಕವನ್ನು ನೆನಪಿಸಿಕೊಳ್ಳಿ. ಪುಸ್ತಕ ಸುಟ್ಟುಹೋದರೆ ಹೊಲವೇನೂ ಸುಡುವುದಿಲ್ಲ. ಯಾವುದು ಯಾರದೆಂದು ತಿಳಿಯುವುದಿಲ್ಲ.

ಡಾಸ್ ಕಾಲದಲ್ಲಿ ಕಡತವನ್ನು ಅಳಿಸುವುದೆಂದರೆ ಹೆಸರಿನ ಮೊದಲಕ್ಷರದ ಜಾಗದಲ್ಲಿ 229 ಎಂಬ ಸಂಖ್ಯೆಯನ್ನು ಬರೆದು, ಅದರ ತುಂಡುಗಳನ್ನು ಖಾಲಿ ಎಂದು ಗುರುತಿಸುವುದು. ಪೀಟರ್ ನಾರ್ಟನ್ ತಮ್ಮದೇ ಕಡತವೊಂದನ್ನು ಅಕಸ್ಮಾತ್ತಾಗಿ ಅಳಿಸಿಕೊಂಡಾಗ ಅದನ್ನು ಮತ್ತೆ ಟೈಪು ಮಾಡುವ ಬದಲು, ಮರಳಿ ಪಡೆಯುವ ಕ್ರಮವಿಧಿಯನ್ನೇ ಬರೆದರು. 1982ರಲ್ಲಿ ಹೊರಬಂದ ಅವರ 'ನಾರ್ಟನ್ ಯುಟಿಲಿಟೀಸ್'ನ ಜೀವಾಳ ಅದೇ. ಹೋದ ಮೊದಲಕ್ಷರವನ್ನು ಮಾತ್ರ ನೀವೇ ಹೇಳಬೇಕಿತ್ತು.

ಫಾರ್ಮ್ಯಾಟ್‌ನ ಸಂಗತಿ ಇನ್ನೂ ಸ್ವಾರಸ್ಯದ್ದು. 1983ರ ಐಬಿಎಂ ಪಿಸಿ ಎಕ್ಸ್‌ಟಿಯಲ್ಲಿ 10 ಮೆಗಾಬೈಟಿನ ಹಾರ್ಡ್ ಡಿಸ್ಕ್ ಇತ್ತು. ಫ್ಲಾಪಿಯನ್ನು ಫಾರ್ಮ್ಯಾಟ್ ಮಾಡಿದರೆ ಪ್ರತಿಯೊಂದು ಸೆಕ್ಟರನ್ನೂ ಹೊಸದಾಗಿ ಬರೆಯುತ್ತಿದ್ದ ಆದೇಶ, ಹಾರ್ಡ್ ಡಿಸ್ಕಿನಲ್ಲಿ ಸೆಕ್ಟರುಗಳನ್ನು ಓದಿ ಪರೀಕ್ಷಿಸಿ ಪಟ್ಟಿಗಳನ್ನಷ್ಟೇ ಬರಿದು ಮಾಡುತ್ತಿತ್ತು. 20 ಸಾವಿರಕ್ಕೂ ಹೆಚ್ಚಿನ ಸೆಕ್ಟರುಗಳಲ್ಲಿ ಹೊಸದಾಗಿ ಬರೆಯುತ್ತಿದ್ದುದು ಕೆಲವು ಹತ್ತುಗಳಲ್ಲಿ ಮಾತ್ರ. 1991ರಲ್ಲಿ ಬಂದ ಎಂಎಸ್-ಡಾಸ್ 5.0 ಹಳೆಯ ಪಟ್ಟಿಯ ನಕಲನ್ನು ಡಿಸ್ಕಿನಲ್ಲೇ ಬಚ್ಚಿಟ್ಟು ಆಮೇಲೆ ಫಾರ್ಮ್ಯಾಟ್ ಮಾಡುತ್ತಿತ್ತು. 'ಅನ್‌ಫಾರ್ಮ್ಯಾಟ್' ಆದೇಶ ಕೊಟ್ಟರೆ ಪಟ್ಟಿ ಮರಳುತ್ತಿತ್ತು. ಷರತ್ತು ಒಂದೇ: ನಡುವೆ ಡಿಸ್ಕಿನಲ್ಲಿ ಬೇರೇನನ್ನೂ ಬರೆದಿರಬಾರದು. ಹೊಸ ಯಜಮಾನ ಹೊಲವನ್ನು ಉತ್ತುಬಿಟ್ಟರೆ ಹಳೆಯ ಬೆಳೆ ಸಿಕ್ಕೀತೇ? ಮರುಗಳಿಕೆಯ ತಂತ್ರಾಂಶವನ್ನು ಅದೇ ವಿಭಾಗದಲ್ಲಿ ಅಳವಡಿಸಿ ಉಳಿದದ್ದನ್ನೂ ಕಳೆದುಕೊಂಡವರು ಇದ್ದಾರೆ.

ಪಟ್ಟಿಯ ಕುರುಹೇ ಇಲ್ಲದಿದ್ದರೆ? ಆಗ ಹೊಲಕ್ಕೇ ಇಳಿದು ಬೆಳೆಯನ್ನು ಗುರುತಿಸಬೇಕು. ಜೆಪೆಗ್ ಚಿತ್ರ ಯಾವಾಗಲೂ 255, 216, 255 ಎಂಬ ಬೈಟುಗಳಿಂದ ಶುರುವಾಗುತ್ತದೆ. ಫ್ರಾನ್ಸಿನ ಕ್ರಿಸ್ಟೋಫ್ ಗ್ರೆನಿಯೆ ಬರೆದ 'ಫೋಟೋರೆಕ್' ಎಂಬ ಮುಕ್ತ ತಂತ್ರಾಂಶ ಇಂಥ ಗುರುತುಗಳಿಗಾಗಿ ಡಿಸ್ಕನ್ನು ಸೋಸುತ್ತದೆ. ಕಡತದ ತುಂಡುಗಳು ಒತ್ತೊತ್ತಾಗಿದ್ದರೆ ಪೂರ್ತಿ ಸಿಗುತ್ತದೆ, ಚದುರಿದ್ದರೆ ಅರ್ಧಂಬರ್ಧ.

ಮೇಲೆ ಬರೆದದ್ದರ ಅಡಿಯಲ್ಲಿ ಹಳೆಯ ಕಾಂತತ್ವದ ಛಾಯೆ ಉಳಿದಿರುತ್ತದೆ, ಹಾಗಾಗಿ 35 ಸಲ ಅಳಿಸಬೇಕು ಎಂಬ ಮಾತನ್ನು ಭೌತಶಾಸ್ತ್ರದ ಅಧ್ಯಾಪಕರ ಬಾಯಲ್ಲೂ ಕೇಳಿದ್ದೇನೆ. ಮೂಲ, ಪೀಟರ್ ಗಟ್‌ಮನ್ ಅವರ 1996ರ ಪ್ರಬಂಧ. ಆ 35 ವಿನ್ಯಾಸಗಳು ಹಳೆಯ ಡಿಸ್ಕುಗಳ ಬೇರೆಬೇರೆ ಸಂಕೇತೀಕರಣಗಳಿಗೆ ಹೊಂದಿಸಿದವು. ಎಲ್ಲವನ್ನೂ ಒಂದೇ ಡಿಸ್ಕಿಗೆ ಬಳಸುವುದು ಅರ್ಥಹೀನವೆಂದು ಅವರೇ ಮುಂದೆ ಸ್ಪಷ್ಟಪಡಿಸಿದರು. ಇತ್ತೀಚಿನ ಡಿಸ್ಕುಗಳಲ್ಲಿ ಒಮ್ಮೆ ಪೂರ್ತಿ ತಿದ್ದಿ ಬರೆದದ್ದು ಕೈಗೆ ಸಿಗುವುದಿಲ್ಲ.

ಅಲಾಸ್ಕದಲ್ಲಿ ತಜ್ಞರ ಪ್ರಯತ್ನ ಫಲಿಸಲಿಲ್ಲ. ಆದರೆ ಮೂಲ ಅರ್ಜಿಗಳು 300 ರಟ್ಟಿನ ಪೆಟ್ಟಿಗೆಗಳಲ್ಲಿ ಭದ್ರವಾಗಿದ್ದವು! ಸುಮಾರು 70 ಜನ ರಜಾದಿನಗಳಲ್ಲೂ ಕೂತು, ಆಗಸ್ಟ್ ಕೊನೆಯ ವೇಳೆಗೆ ಎಲ್ಲವನ್ನೂ ಮತ್ತೆ ಸ್ಕ್ಯಾನ್ ಮಾಡಿ ಮುಗಿಸಿದರು. ಹೆಚ್ಚುವರಿ ಖರ್ಚು 2 ಲಕ್ಷ ಡಾಲರಿಗೂ ಮಿಕ್ಕಿತು. ಹೆಚ್ಚಿನವರಿಗೆ ಲಾಭಾಂಶ ಸಕಾಲಕ್ಕೆ ತಲುಪಿತು.

ಆಮೇಲೆ ನಿಯಮಗಳೇ ಬದಲಾದವು. 2007ರ ಜನವರಿಯಲ್ಲಿ ಮಾರುಕಟ್ಟೆಗೆ ಬಂದ ವಿಂಡೋಸ್ ವಿಸ್ಟಾದಿಂದ ಮೊದಲ್ಗೊಂಡು, ಪೂರ್ಣ ಫಾರ್ಮ್ಯಾಟ್ ಇಡೀ ವಿಭಾಗದಲ್ಲಿ ಸೊನ್ನೆಗಳನ್ನು ಬರೆಯುತ್ತದೆ. 'ಕ್ವಿಕ್ ಫಾರ್ಮ್ಯಾಟ್' ಮಾತ್ರ ಹಳೆಯ ಜಾಡಿನದು. ಚಿಪ್ಪುಗಳಿಂದಾದ ಎಸ್‌ಎಸ್‌ಡಿಯಲ್ಲಿ ಆ ಜಾಡೂ ಇಲ್ಲ. 2009ರ ವಿಂಡೋಸ್ 7 'ಈ ಜಾಗ ಇನ್ನು ಬೇಡ' ಎಂಬ 'ಟ್ರಿಮ್' ಸೂಚನೆಯನ್ನು ಎಸ್‌ಎಸ್‌ಡಿಗೆ ಕಳಿಸತೊಡಗಿತು. ಫ್ಲಾಶ್ ಸ್ಮೃತಿಯಲ್ಲಿ ಅಳಿಸದೆ ಮತ್ತೆ ಬರೆಯಲಾಗದು. ಆದ್ದರಿಂದ ಅದು ಬಿಡುವಿನಲ್ಲಿ ಆ ಜಾಗವನ್ನು ನಿಜಕ್ಕೂ ಅಳಿಸಿಡುತ್ತದೆ.

ನಿಮ್ಮ ಪ್ರಯೋಗಾಲಯದಲ್ಲಿ ಹಳೆಯ ಪೆನ್‌ಡ್ರೈವ್ ಇದ್ದರೆ ಹತ್ತು ಚಿತ್ರಗಳನ್ನು ಅದಕ್ಕೆ ಹಾಕಿ, ಕ್ವಿಕ್ ಫಾರ್ಮ್ಯಾಟ್ ಮಾಡಿ, ಗಣಕದಲ್ಲಿರುವ ಫೋಟೋರೆಕ್‌ನಿಂದ ಹುಡುಕಿಸಿ. ಸಿಕ್ಕದ್ದನ್ನು ಗಣಕದಲ್ಲೇ ಉಳಿಸಿಕೊಳ್ಳಿ. ಚಿತ್ರಗಳಿಗೆ ನೀವಿಟ್ಟ ಹೆಸರುಗಳು ಇರುವುದಿಲ್ಲ. 'ಎಫ್' ಅಕ್ಷರ, ಅದರ ಮುಂದೊಂದು ಸಂಖ್ಯೆ ಇರುತ್ತದೆ. ಆ ಕಡತ ಶುರುವಾಗಿದ್ದುದು ಎಷ್ಟನೆಯ ಸೆಕ್ಟರಿನಲ್ಲಿ ಎಂಬುದನ್ನು ಅದು ಹೇಳುತ್ತದೆ.