ಬಿಳಿ ಅಚ್ಚು, ಕರಿ ಬೆಲ್ಲ

ಸಂಕ್ರಾಂತಿ ಬಂತೆಂದರೆ ಗಾಂಧಿಬಜಾರಿನಿಂದ ಉತ್ತರಹಳ್ಳಿವರೆಗೂ ಅಂಗಡಿಗಳ ಮುಂದೆ ಸಕ್ಕರೆ ಅಚ್ಚಿನ ರಾಶಿ. ಆನೆ, ನವಿಲು, ಗೋಪುರ, ತುಳಸಿಕಟ್ಟೆ. ಎಲ್ಲಾ ಬಿಳಿ. ಸಾಮಾನು ಮೂರೇ: ಸಕ್ಕರೆ, ನೀರು, ಒಂದಿಷ್ಟು ಹಾಲು. ಪಾಕ ಕುದಿಯುವಾಗ ಹಾಲು ಬಿಟ್ಟರೆ ಕೊಳೆಯೆಲ್ಲ ನೊರೆಯಾಗಿ ಮೇಲೆ ಬರುತ್ತೆ. ಅದನ್ನು ತೆಗೆದು, ನೀರಲ್ಲಿ ನೆನೆಸಿಟ್ಟ ಮರದ ಅಚ್ಚುಗಳನ್ನು ಜೋಡಿಸಿ ಬಿಗಿಯಾಗಿ ಕಟ್ಟಿ ಪಾಕ ಹುಯ್ಯುತ್ತಾರೆ. ಆರಿದ ಮೇಲೆ ಬಿಚ್ಚಿದರೆ ಆನೆ. ಇಷ್ಟು ಸರಳ ಮಿಠಾಯಿಗೂ ಚರಿತ್ರೆ ಇದೆ. ಸಿಹಿ ಯಾರ ಬಾಯಿಗೆ ಬಿತ್ತು, ಕಬ್ಬಿನ ಹೊರೆ ಯಾರ ತಲೆಗೆ ಬಿತ್ತು ಅನ್ನೋದು ಆ ಚರಿತ್ರೆ.

'ಖಂಡ' ಅನ್ನೋ ಈ ನೆಲದ ಮಾತೇ ಅರಬರ ಬಾಯಿ ಹಾದು ಇಂಗ್ಲಿಷಿನ 'ಕ್ಯಾಂಡಿ' ಆಯ್ತು. 1800ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್, ಚಿಕ್ಕಬಳ್ಳಾಪುರದ ಕಲ್ಲುಸಕ್ಕರೆ ಚೀನಾದ್ದಕ್ಕೆ ಸಮ ಎಂದು ಬರೆದ. ಆದರೆ ಮಾಡುವ ವಿದ್ಯೆ ಗುಟ್ಟು. ವಿದ್ಯೆಯನ್ನ ಗುಟ್ಟಾಗಿಡೋದು ನಮ್ಮಲ್ಲಿ ಹೊಸದೇನಲ್ಲ ಬಿಡಿ. ಬಿಳಿ ಸಕ್ಕರೆ ಉಳ್ಳವರ ವಸ್ತುವಾಗಿತ್ತು. ಕನ್ನಂಬಾಡಿ ಕಟ್ಟೆಯ ನೀರು ನಾಲೆಗೆ ಹರಿದು, 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಹುಟ್ಟಿದ ಮೇಲೆ ಈ ಸೀಮೆಯಲ್ಲೇ ಮೂಟೆಗಟ್ಟಲೆ ಸಕ್ಕರೆ ಆಯ್ತು. ಆ ಕಥೆಯಲ್ಲಿ ದಿವಾನರ, ಇಂಜಿನಿಯರುಗಳ ಹೆಸರು ಬರುತ್ತೆ. ಗರಿಯಲ್ಲಿ ಮೈ ಕೈ ಕುಯ್ಸಿಕೊಂಡು ಕಬ್ಬು ಕಡಿದವರ, ಆಲೆಮನೆಯ ಒಲೆ ಮುಂದೆ ಬೆಂದವರ ಹೆಸರು ಎಲ್ಲಿ?

ಉತ್ತರಹಳ್ಳಿ ಆಗ ಪಟ್ಟಣದ ಆಚೆಯ ಹೋಬಳಿ. ರಾಗಿ, ಅವರೆ, ಹುರುಳಿಯ ಹೊಲ. ಸುಗ್ಗಿ ಅಂದರೆ ಕಣ, ಕಣ ಅಂದರೆ ಕೇರಿಯವರ ದುಡಿಮೆ. ಇಂಥ ಊರುಗಳಲ್ಲಿ ಹಬ್ಬದ ಸಂಜೆ ಹೆಣ್ಣುಮಕ್ಕಳು ತಟ್ಟೆ ಹಿಡಿದು ಎಳ್ಳು ಬೀರೋರು. ಎಳ್ಳು, ಕಡಲೆಕಾಯಿ ಬೀಜ, ಹುರಿಗಡಲೆ, ಕೊಬ್ಬರಿ, ಬೆಲ್ಲ, ಮೇಲೊಂದು ಅಚ್ಚು, ಒಂದು ತುಂಡು ಕಬ್ಬು. ಆ ತಟ್ಟೆ ಮನೆಯಿಂದ ಮನೆಗೆ ಹೋಗ್ತಿತ್ತು, ಊರಿನಿಂದ ಕೇರಿಗೆ ಹೋಗ್ತಿರಲಿಲ್ಲ. ಕಣ ಮಾಡಿದವರು ಹಿತ್ತಿಲಲ್ಲಿ ನಿಂತು ಸೆರಗೊಡ್ಡಬೇಕು, ಮೇಲಿಂದ ಸುರೀತಾರೆ. ನಮ್ಮ ಅಜ್ಜಿಯ ತಲೆಮಾರು ತಿಂದ ಎಳ್ಳುಬೆಲ್ಲ ಇದು. ಜೀತ ರದ್ದಾದದ್ದೇ 1975ರ ಸುಗ್ರೀವಾಜ್ಞೆ, 1976ರ ಕಾಯಿದೆಯಿಂದ ಅನ್ನೋದನ್ನ ನೆನಪಿಡಿ. ಎಳ್ಳು ಬೆಲ್ಲ ತಿಂದು ಒಳ್ಳೇ ಮಾತಾಡಿ ಅಂತಾರೆ. ಕೆಟ್ಟ ಮಾತು ಕೇಳಿಸಿಕೊಂಡವರಿಗೇ ಈ ಬುದ್ಧಿವಾದವೂ ಯಾಕೆ?

ಕೇರಿಗೆ ಸಿಹಿ ಇರಲಿಲ್ಲವಾ? ಇತ್ತು. ತಂಬಿಟ್ಟು. ಅಕ್ಕಿಯನ್ನೋ ಹುರಿಗಡಲೆಯನ್ನೋ ಹುರಿದು ಬೀಸಿ, ಕರಿ ಬೆಲ್ಲದ ಪಾಕಕ್ಕೆ ಕಲಸಿ, ಬಿಸಿ ಇರುವಾಗಲೇ ಅಂಗೈಯಲ್ಲಿ ಉಂಡೆ ಕಟ್ಟೋದು. ಮರದ ಅಚ್ಚು ಬೇಡ, ಕೈಯೇ ಅಚ್ಚು. ನಡುವೆ ಗುಳಿ ಮಾಡಿ ಎಣ್ಣೆ ಬತ್ತಿ ಇಟ್ಟರೆ ಮಾರಮ್ಮನಿಗೆ ಆರತಿ. ದೀಪ ಆರಿದ ಮೇಲೆ ಮಕ್ಕಳಿಗೆ ಮಿಠಾಯಿ. ಇದರ ಬಗ್ಗೆ ಹಬ್ಬದ ವಿಶೇಷಾಂಕಗಳು ಬರೆಯೋದು ಕಮ್ಮಿ. ಅವಕ್ಕೆ ಬಿಳಿಯೇ ಬೇಕು. ಬೆಲ್ಲವೂ ಬೆಳ್ಳಗಿರಲಿ ಅಂತ ಈಗ ಆಲೆಮನೆಗಳಲ್ಲಿ ಹೈಡ್ರೋಸ್ ಪುಡಿ ಹಾಕ್ತಾರೆ. ನಾಲಿಗೆಗೂ ಬಣ್ಣದ ಭೇದ!

2007ರಲ್ಲಿ ಉತ್ತರಹಳ್ಳಿ ಬೃಹತ್ ಬೆಂಗಳೂರಿನೊಳಗೆ ಸೇರಿತು. ಹೊಲ ಸೈಟುಗಳಾದವು. ಹಬ್ಬದ ಮಾರನೇ ಬೆಳಿಗ್ಗೆ ರಸ್ತೆ ತುಂಬ ಕಬ್ಬಿನ ಸಿಪ್ಪೆ, ಗರಿ. ಗುಡಿಸೋರು ಪೌರಕಾರ್ಮಿಕ ಹೆಂಗಸರು, ಬಹುಪಾಲು ನಮ್ಮ ಕೇರಿಯವರೇ. ಗೇಟಿನ ಒಳಗಿಂದ ಅವರಿಗೂ ಒಂದು ಪೊಟ್ಟಣ ಎಳ್ಳುಬೆಲ್ಲ ಬರುತ್ತೆ. ಈಗ ಅದು ಬಾಯಿ ಅಂಟಿಸಿದ ಪ್ಲಾಸ್ಟಿಕ್ಕಿನಲ್ಲಿ ಬರುತ್ತೆ, ಮೂಲೆಯನ್ನ ಎರಡೇ ಬೆರಳಲ್ಲಿ ಹಿಡಿದು ಕೊಡಬಹುದು.