ಕೂಪರೇಜ್‌ನಿಂದ ಅಂಧೇರಿಗೆ: ಮುಂಬೈ ಫುಟ್‌ಬಾಲ್ ಅಭಿಮಾನದ ಹಾದಿ

ಮುಂಬೈಯ ರೋವರ್ಸ್ ಕಪ್ ಮತ್ತು ಫುಟ್‌ಬಾಲಿನ ಪೆನಾಲ್ಟಿ ಕಿಕ್ ಒಂದೇ ವಯಸ್ಸಿನವು. ನಗರದಲ್ಲಿದ್ದ ಬ್ರಿಟಿಷ್ ಆಸಕ್ತರು 1891ರಲ್ಲಿ ಈ ಟೂರ್ನಿಯನ್ನು ಆರಂಭಿಸಿದರು. ಮೊದಲ ಕಪ್ ವೂಸ್ಟರ್‌ಶೈರ್ ರೆಜಿಮೆಂಟಿನ ಪಾಲಾಯಿತು. ಅದೇ ವರ್ಷದ ಜೂನ್‌ನಲ್ಲಿ ಆಟದ ನಿಯಮ ರೂಪಿಸುವ ಮಂಡಳಿ ಪೆನಾಲ್ಟಿಗೆ ಒಪ್ಪಿಗೆ ಕೊಟ್ಟಿತು. ಅಲ್ಲಿಯವರೆಗೆ ಗೋಲಿನ ಬಾಯಲ್ಲೇ ಚೆಂಡನ್ನು ಕೈಯಿಂದ ತಡೆದರೂ ಎದುರಾಳಿಗೆ ಸಿಗುತ್ತಿದ್ದುದು ಬರಿಯ ಫ್ರೀ ಕಿಕ್. ತೀರ್ಪು ಕೊಡುವ ರೀತಿಯೂ ಆಗಲೇ ಬದಲಾಯಿತು. ಮೊದಲು ಎರಡೂ ತಂಡಗಳು ಒಬ್ಬೊಬ್ಬ ಅಂಪೈರನ್ನು ಕರೆತರುತ್ತಿದ್ದವು. ಅವರಿಬ್ಬರಿಗೆ ಒಮ್ಮತವಾಗದಿದ್ದಾಗ ಮಾತ್ರ ಗೆರೆಯಾಚೆ ನಿಂತ ರೆಫರಿಯನ್ನು ಕೇಳುತ್ತಿದ್ದರು. 1891ರಿಂದ ರೆಫರಿ ಮೈದಾನದೊಳಗೆ ಬಂದ, ಅಂಪೈರುಗಳು ಲೈನ್ಸ್‌ಮನ್‌ಗಳಾದರು. ಒಂದೇ ಸೀಟಿಗೆ ಪಂದ್ಯದ ಹಣೆಬರಹ ಬದಲಿಸುವ ಬಲ ಬಂತು. ಆ ಸೀಟಿ ಸರಿಯೋ ತಪ್ಪೋ ಎಂಬ ಜಗಳವೂ ಜೊತೆಗೇ ಬಂತು.

ಮೊದಲ ನಾಲ್ಕು ದಶಕಗಳಲ್ಲಿ ಕಪ್ ಗೆದ್ದವರೆಲ್ಲ ಗೋರಾ ಪಲ್ಟನ್‌ಗಳೇ. 1911ರಲ್ಲಿ ರೂಪುಗೊಂಡ ವೆಸ್ಟರ್ನ್ ಇಂಡಿಯಾ ಫುಟ್‌ಬಾಲ್ ಅಸೋಸಿಯೇಷನ್ ಟೂರ್ನಿಯ ಹೊಣೆ ಹೊತ್ತಿತು. ಓವಲ್ ಮೈದಾನದ ಸನಿಹದ ಕೂಪರೇಜ್ ಅದರ ನೆಲೆಯಾಯಿತು. 1923ರಲ್ಲಿ ಮೋಹನ್ ಬಾಗಾನ್ ಫೈನಲ್‌ವರೆಗೆ ಬಂದು ಡರ್ಹಮ್ ಲೈಟ್ ಇನ್‌ಫೆಂಟ್ರಿಗೆ ಸೋತಿತು. ಪಲ್ಟನ್‌ಗಳ ಸಾಲನ್ನು ಮುರಿದದ್ದು ಕನ್ನಡ ನಾಡಿನ ತಂಡ. ದಂಡು ಪ್ರದೇಶದ ಸಿಪಾಯಿಗಳ ಆಟ ನೋಡುತ್ತ ಬೆಳೆದ ಊರಿನಿಂದ ಬಂದ ಬೆಂಗಳೂರು ಮುಸ್ಲಿಮ್ಸ್ 1937ರಲ್ಲಿ ರೋವರ್ಸ್ ಕಪ್ ಎತ್ತಿ, ಮರುವರ್ಷವೂ ಅದನ್ನು ಉಳಿಸಿಕೊಂಡಿತು. 1940ರ ಫೈನಲ್‌ನಲ್ಲಿ ಮಹಮ್ಮಡನ್ ಸ್ಪೋರ್ಟಿಂಗ್‌ಗೆ ಮಣಿದ ಈ ತಂಡ 1948ರಲ್ಲಿ ಮೋಹನ್ ಬಾಗಾನ್ ಅನ್ನು ಸೋಲಿಸಿ ಮೂರನೆಯ ಬಾರಿ ಗೆದ್ದಿತು.

ಸ್ವಾತಂತ್ರ್ಯಾನಂತರವೂ ಕಪ್ ಹೊರಗಿನವರ ಕೈಯಲ್ಲೇ ಉಳಿಯಿತು. ಸೈಯದ್ ಅಬ್ದುಲ್ ರಹೀಮ್ ತರಬೇತಿಯ ಹೈದರಾಬಾದ್ ಸಿಟಿ ಪೊಲೀಸ್ 1950ರಿಂದ 1954ರವರೆಗೆ ಸತತ ಐದು ಬಾರಿ ಗೆದ್ದಿತು. ಬಳಿಕ ಕೋಲ್ಕತ್ತದ ದೊಡ್ಡ ಕ್ಲಬ್‌ಗಳ ಸರದಿ. ಮುಂಬೈಯ ತಂಡವೊಂದು, ಅಂದರೆ ತೈಲ ಕಂಪನಿ ಕ್ಯಾಲ್ಟೆಕ್ಸ್‌ನ ತಂಡ, ಕಪ್ ಗೆದ್ದದ್ದು 1958ರಲ್ಲಿ. ಹೀಗಾಗಿ ಇಲ್ಲಿನ ಅಭಿಮಾನ ಊರಿನ ಹೆಸರಿಗೆ ಅಂಟಿಕೊಳ್ಳಲಿಲ್ಲ. ಬಂಗಾಳಿಗಳು ಬಾಗಾನ್ ಅಥವಾ ಈಸ್ಟ್ ಬೆಂಗಾಲ್ ಪರ ಕೂಗಿದರೆ, ಗೋವಾದವರು ಗೋವಾದ ತಂಡಗಳ ಪರ ನಿಂತರು. ನೌಕರರಿಗೆ ತಮ್ಮ ಕಂಪನಿಯೇ ತಂಡ: ಟಾಟಾ, ಮಫತ್‌ಲಾಲ್, ಏರ್ ಇಂಡಿಯಾ, ಮಹೀಂದ್ರ. ಕಂಪನಿ ತಂಡದಲ್ಲಿ ಆಡುವವನಿಗೆ ಆಟದ ಜೊತೆಗೆ ಸಂಬಳದ ಕೆಲಸವೂ ಸಿಗುತ್ತಿದ್ದುದರಿಂದ ಪ್ರತಿಭಾವಂತರು ಅತ್ತಲೇ ಸೆಳೆಯಲ್ಪಟ್ಟರು. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಆಸ್ಟ್ರೇಲಿಯಾ ವಿರುದ್ಧ ಹ್ಯಾಟ್ರಿಕ್ ಹೊಡೆದ ನೆವಿಲ್ ಡಿಸೋಜ ಈ ನಗರದ ಕಂಪನಿ ಫುಟ್‌ಬಾಲಿನ ಕೂಸು.

ಆ ಕಾಲದ ಪ್ರೇಕ್ಷಕ ಒಂದು ಘಟನೆಯನ್ನು ಒಮ್ಮೆ ಮಾತ್ರ ನೋಡುತ್ತಿದ್ದ. ಚೆಂಡು ತೋಳಿಗೆ ತಗುಲಿತೋ ಎದೆಗೋ ಎಂಬುದು ಅವನು ಕೂತ ಜಾಗದ ಮೇಲೂ ಅವನ ಪಕ್ಷದ ಮೇಲೂ ನಿಂತಿತ್ತು. ವಾದಕ್ಕೆ ಸಾಕ್ಷಿ ಕಣ್ಣು ಮತ್ತು ನೆನಪು ಮಾತ್ರ. ಟಿವಿ ಈ ಸ್ಥಿತಿಯನ್ನು ಬದಲಿಸಿತು. 1986ರ ಜೂನ್ 22ರಂದು ಮೆಕ್ಸಿಕೋದಲ್ಲಿ ಮರಡೋನ ಕೈಯಿಂದ ಹೊಡೆದ ಗೋಲನ್ನು ರೆಫರಿ ಮಾನ್ಯ ಮಾಡಿದ. ಜಗತ್ತು ಅದನ್ನು ಮರುಪ್ರಸಾರದಲ್ಲಿ ಮತ್ತೆ ಮತ್ತೆ ನೋಡಿತು. 2010ರ ವಿಶ್ವಕಪ್‌ನ ಉರುಗ್ವೆ–ಘಾನಾ ಕ್ವಾರ್ಟರ್ ಫೈನಲ್ ಭಾರತದಲ್ಲಿ ನಡುರಾತ್ರಿ ಶುರುವಾಯಿತು. ಹೆಚ್ಚುವರಿ ಅವಧಿಯ ಕೊನೆಯ ಗಳಿಗೆಯಲ್ಲಿ ಉರುಗ್ವೆಯ ಲೂಯಿಸ್ ಸ್ವಾರೆಜ್ ಗೋಲುಗೆರೆಯ ಮೇಲೆ ನಿಂತು ಘಾನಾದ ಚೆಂಡನ್ನು ಕೈಯಿಂದ ತಡೆದ. ಕೆಂಪು ಕಾರ್ಡ್, ಪೆನಾಲ್ಟಿ ಎರಡೂ ಆದವು. ಅಸಮೊವಾ ಗ್ಯಾನ್ ಒದ್ದ ಚೆಂಡು ಅಡ್ಡಪಟ್ಟಿಗೆ ಬಡಿಯಿತು. ಶೂಟೌಟ್‌ನಲ್ಲಿ ಉರುಗ್ವೆ ಗೆದ್ದಿತು. ಮರಡೋನ ಪ್ರಕರಣದಲ್ಲಿ ನಿಯಮ ಜಾರಿಯಾಗಲಿಲ್ಲ. ಇಲ್ಲಿ ಅಕ್ಷರಶಃ ಜಾರಿಯಾಯಿತು. ಆದರೂ ಸ್ವಾರೆಜ್ ಬಹುಜನರ ಕಣ್ಣಲ್ಲಿ ಖಳನಾಯಕನಾದ.

ಹ್ಯಾಂಡ್‌ಬಾಲ್ ನಿಯಮವನ್ನು ಸ್ಪಷ್ಟಗೊಳಿಸಲು 2019ರಿಂದ ಮಾಡಿದ ತಿದ್ದುಪಡಿಗಳು ಚರ್ಚೆಯನ್ನು ಇನ್ನಷ್ಟು ಬೆಳೆಸಿದವು. ತೋಳು ದೇಹದ ಗಾತ್ರವನ್ನು ಅಸಹಜವಾಗಿ ಹಿಗ್ಗಿಸಿದೆಯೇ ಎಂಬುದು ಮುಖ್ಯ ಪ್ರಶ್ನೆಯಾಯಿತು. ತೋಳಿನ ಮೇಲಿನ ಗಡಿ ಕಂಕುಳ ತಳಭಾಗದ ಮಟ್ಟ ಎಂದು 2020ರಲ್ಲಿ ಸ್ಪಷ್ಟಪಡಿಸಲಾಯಿತು. ಪೆನಾಲ್ಟಿ ಆವರಣದಲ್ಲಿ ರಕ್ಷಣಾ ಆಟಗಾರರು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಎದುರಾಳಿಯ ಒದೆತಕ್ಕೆ ಅಡ್ಡ ನಿಲ್ಲುವುದು ಹ್ಯಾಂಡ್‌ಬಾಲ್ ಆದೀತೆಂಬ ಭಯದಿಂದಲೇ.

ಈ ನಡುವೆ ಮುಂಬೈಯ ಹಳೆಯ ವ್ಯವಸ್ಥೆ ಕುಸಿಯಿತು. ರೋವರ್ಸ್ ಕಪ್ 2000–01ರ ಬಳಿಕ ನಿಂತುಹೋಯಿತು. 2005–06ರಲ್ಲಿ ರಾಷ್ಟ್ರೀಯ ಲೀಗ್ ಗೆದ್ದಿದ್ದ ಮಹೀಂದ್ರ ಯುನೈಟೆಡ್ ತಂಡವನ್ನು ಕಂಪನಿ 2010ರಲ್ಲಿ ವಿಸರ್ಜಿಸಿತು. ಕಂಪನಿಯ ಒಂದು ತೀರ್ಮಾನಕ್ಕೆ ತಂಡವೇ ಇಲ್ಲವಾದಾಗ ಅಭಿಮಾನಿಗೆ ಹಿಡಿದುಕೊಳ್ಳಲು ಏನೂ ಉಳಿಯಲಿಲ್ಲ. ನಗರದ ಯುವಜನರಲ್ಲಿ ಅನೇಕರು ಮ್ಯಾಂಚೆಸ್ಟರ್ ಯುನೈಟೆಡ್, ಆರ್ಸೆನಲ್, ಲಿವರ್‌ಪೂಲ್ ಪರ ಸಂಘ ಕಟ್ಟಿಕೊಂಡು, ಒಟ್ಟಾಗಿ ಪರದೆಯ ಮುಂದೆ ಕೂತರು.

ಊರಿನ ಹೆಸರಿನ ಅಭಿಮಾನಕ್ಕೆ ಗಟ್ಟಿ ನೆಲೆ ಸಿಕ್ಕಿದ್ದು 2014ರಲ್ಲಿ ಮುಂಬೈ ಸಿಟಿ ಎಫ್‌ಸಿ ಹುಟ್ಟಿದ ಮೇಲೆ. ಮೊದಲು ನವಿ ಮುಂಬೈಯ ಡಿ.ವೈ. ಪಾಟೀಲ್ ಕ್ರೀಡಾಂಗಣದಲ್ಲಿ ಆಡಿದ ತಂಡ 2016ರಲ್ಲಿ ಅಂಧೇರಿಗೆ ಬಂತು. ‘ವೆಸ್ಟ್ ಬ್ಲಾಕ್ ಬ್ಲೂಸ್’ ಎಂಬ ಬೆಂಬಲಿಗರ ಗುಂಪು ಹಾಡು, ಡೋಲುಗಳೊಂದಿಗೆ ಗ್ಯಾಲರಿಯಲ್ಲಿ ನೆಲೆಯೂರಿತು. ಆದರೂ ರಾಷ್ಟ್ರೀಯ ತಂಡದ ಆಟಕ್ಕೆ ಜನ ಸುಲಭವಾಗಿ ಬರಲಿಲ್ಲ. 2018ರ ಜೂನ್ 1ರಂದು ಅಂಧೇರಿಯಲ್ಲಿ ಚೈನೀಸ್ ತೈಪೆಯನ್ನು ಭಾರತ 5–0ಯಿಂದ ಸೋಲಿಸಿದಾಗ ಗ್ಯಾಲರಿ ಬಹುಪಾಲು ಖಾಲಿ. ಮರುದಿನ ನಾಯಕ ಸುನಿಲ್ ಛೆಟ್ರಿ ವಿಡಿಯೊದಲ್ಲಿ, ಬೈಯುವುದಕ್ಕಾದರೂ ಮೈದಾನಕ್ಕೆ ಬನ್ನಿ ಎಂದು ಕೇಳಿಕೊಂಡರು. ಕೀನ್ಯಾ ವಿರುದ್ಧದ ಮುಂದಿನ ಪಂದ್ಯದ ಟಿಕೆಟ್‌ಗಳೆಲ್ಲ ಖರ್ಚಾದವು.

ಊರಿನ ಕ್ಲಬ್ ಬಂದ ಮೇಲೆ ಅಭಿಮಾನಿಗಳು ದ್ವೇಷಿಸುವ ಆಟಗಾರರ ಪಟ್ಟಿಯೂ ಊರಿನ ಲೆಕ್ಕದಲ್ಲೇ ತಯಾರಾಯಿತು. 2020ರಲ್ಲಿ ಕೋಚ್ ಸರ್ಜಿಯೊ ಲೊಬೇರಾ ಜೊತೆಗೆ ಹ್ಯೂಗೊ ಬೂಮೂಸ್, ಅಹ್ಮದ್ ಜಾಹೂ, ಮುರ್ತದಾ ಫಾಲ್, ಮಂದಾರ್ ರಾವ್ ದೇಸಾಯಿ ಗೋವಾ ಬಿಟ್ಟು ಮುಂಬೈ ಸೇರಿದರು. ಆ ಋತುವಿನ ಇಂಡಿಯನ್ ಸೂಪರ್ ಲೀಗ್ ಸೆಮಿಫೈನಲ್‌ನಲ್ಲಿ ಗೋವಾವನ್ನೇ ಶೂಟೌಟ್‌ನಲ್ಲಿ ಮಣಿಸಿ ಮುಂಬೈ ಕಪ್ ಗೆದ್ದಿತು. ಮರುಋತುವಿಗೆ ಬೂಮೂಸ್ ಕೋಲ್ಕತ್ತದ ಪಾಳಯದಲ್ಲಿದ್ದರು. ಒಂದು ಊರಿಗೆ ಬಿಟ್ಟುಹೋದವನು ಇನ್ನೊಂದು ಊರಿಗೆ ಬಂದ ನಾಯಕ.

ತೀರ್ಪಿನ ಜಗಳಗಳೂ ನಿಲ್ಲಲಿಲ್ಲ. 2017ರ ಅಕ್ಟೋಬರ್ 25ರಂದು ನವಿ ಮುಂಬೈಯಲ್ಲಿ ನಡೆದ 17 ವರ್ಷದೊಳಗಿನವರ ವಿಶ್ವಕಪ್ ಸೆಮಿಫೈನಲ್‌ನಲ್ಲಿ ಮಾಲಿ ಆಟಗಾರ ಹೊಡೆದ ಚೆಂಡು ಅಡ್ಡಪಟ್ಟಿಗೆ ಬಡಿದು ಗೆರೆಯೊಳಗೆ ಪುಟಿದದ್ದು ಟಿವಿಯಲ್ಲಿ ಕಂಡರೂ ಗೋಲು ಸಿಗಲಿಲ್ಲ. ಸ್ಪೇನ್ 3–1ರಿಂದ ಗೆದ್ದಿತು. 2023ರ ಡಿಸೆಂಬರ್ 20ರಂದು ಅಂಧೇರಿಯಲ್ಲಿ ಮುಂಬೈ ಸಿಟಿ ಮೋಹನ್ ಬಾಗಾನ್ ಅನ್ನು 2–1ರಿಂದ ಸೋಲಿಸಿದ ಪಂದ್ಯದಲ್ಲಿ ಏಳು ಕೆಂಪು ಕಾರ್ಡ್ ಬಿದ್ದವು: ಮುಂಬೈಗೆ ನಾಲ್ಕು, ಬಾಗಾನ್‌ಗೆ ಮೂರು. ಇಂಡಿಯನ್ ಸೂಪರ್ ಲೀಗ್‌ನಲ್ಲಿ 2024–25ರ ಋತುವಿನವರೆಗೂ ರೆಫರಿಗೆ ವಿಡಿಯೊ ನೆರವು ಇರಲಿಲ್ಲ. ರೆಫರಿ ಒಮ್ಮೆ ಕಂಡದ್ದನ್ನು ಪ್ರೇಕ್ಷಕ ಫೋನಿನಲ್ಲಿ ಹತ್ತು ಸಲ ನೋಡಬಲ್ಲ. ಕೂಪರೇಜ್ ಕಾಲದಲ್ಲಿ ಇಬ್ಬರ ಬಳಿಯೂ ಇದ್ದದ್ದು ಒಂದೇ ನೋಟ. ಅಂಧೇರಿಯ ಜಗಳದ ಮೂಲ ಈ ಅಂತರದಲ್ಲಿದೆ.